ಕಾಡುಹಂದಿ ಹಾವಳಿ: ಕಾನೂನಿನ ಕೋವಿ ಮತ್ತು ಹಡಿಲು ಬಿದ್ದ ಗದ್ದೆ

ಊರಿನಿಂದ ಬರುವ ಫೋನ್ ಕರೆಗಳಲ್ಲಿ ಈಗ ಮಳೆ, ಅಡಿಕೆ ಧಾರಣೆಯ ಜತೆಗೆ ಕಾಡುಹಂದಿಯ ಸುದ್ದಿಯೂ ಇದ್ದೇ ಇರುತ್ತದೆ. ಒಂದೇ ರಾತ್ರಿಯಲ್ಲಿ ಗದ್ದೆ ಉತ್ತಂತಾಗುತ್ತದೆ. ಮರಗೆಣಸು, ಬಾಳೆ, ತೆಂಗಿನ ಸಸಿ ಬುಡಮೇಲಾಗುತ್ತವೆ. ರೈತರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಹಿಡಿಯುವ ದಾರಿ ಯಾವುದು ಎಂಬುದೇ ಪ್ರಶ್ನೆ.

2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ್ದ ಹಣ್ಣು ಕಚ್ಚಿದ ಗರ್ಭಿಣಿ ಆನೆಯೊಂದು ಹೊಳೆಯಲ್ಲಿ ನಿಂತು ಪ್ರಾಣ ಬಿಟ್ಟಿತು. ಆ ಮದ್ದು ಹಂದಿಗೆಂದು ಇಟ್ಟದ್ದು ಎಂದು ಆಗ ಹೇಳಲಾಯಿತು. ಉರುಳಿಗೆ ಚಿರತೆ ಸಿಕ್ಕಿಬೀಳುವುದು, ಬೇಲಿಗೆ ಹರಿಸಿದ ವಿದ್ಯುತ್ತಿಗೆ ದನ, ನಾಯಿ, ಕೊನೆಗೆ ಮನುಷ್ಯರೂ ಬಲಿಯಾಗುವುದು ನಮ್ಮ ಕರಾವಳಿ, ಮಲೆನಾಡಿಗೂ ಹೊಸತಲ್ಲ. ಇದು ಬೇಟೆಯಲ್ಲ; ಯಾರು ಸಾಯುತ್ತಾರೆಂದು ನೋಡದೆ ಹೂಡುವ ಬಲೆ.

ಕಾನೂನು ರೈತನ ಕೈ ಪೂರ್ತಿ ಕಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೇ ವಿಧಿಯಂತೆ, ಬೆಳೆಗೆ ಅಪಾಯವೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕೃತ ಅಧಿಕಾರಿ ಹಂದಿಯನ್ನು ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. 62ನೇ ವಿಧಿಯಂತೆ ಕೇಂದ್ರ ಸರಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಅದನ್ನು ಕ್ಷುದ್ರ ಪ್ರಾಣಿಯೆಂದು ಘೋಷಿಸಬಹುದು. 2015ರಲ್ಲಿ ಬಿಹಾರಕ್ಕೆ, 2016ರಲ್ಲಿ ಉತ್ತರಾಖಂಡಕ್ಕೆ ಹೀಗೆ ಆಯಿತು. ಕೇರಳಕ್ಕೆ ಅದು ಸಿಗಲಿಲ್ಲ. ಆಗ ಆ ರಾಜ್ಯ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಅನುಮತಿ ನೀಡುವ ಅಧಿಕಾರ ಕೊಟ್ಟಿತು. ಪರವಾನಗಿ ಇರುವವರು ಗುಂಡು ಹಾರಿಸಬಹುದು. ವಿಷ, ಸಿಡಿಮದ್ದು, ವಿದ್ಯುತ್ ಕೂಡದು. ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ಬೆಳೆ ಮುಗಿದಿರುತ್ತದೆ ಎಂಬ ದೂರಿಗೆ ಇದು ಒಳ್ಳೆಯ ಉತ್ತರ. ಆದರೆ ಅನುಮತಿ ಹತ್ತಿರ ಬಂದರೂ ಗುರಿಕಾರರು ಎಲ್ಲ ಊರುಗಳಲ್ಲೂ ಇಲ್ಲ ಎಂಬ ಕೊರತೆ ಅಲ್ಲಿ ಎದ್ದು ಕಂಡಿತು.

ನಮ್ಮಲ್ಲಿ ದಕ್ಷಿಣ ಕನ್ನಡ, ಕೊಡಗಿನ ಅನೇಕ ಕೃಷಿಕರಲ್ಲಿ ಕೋವಿ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಬೇಸರವೂ ಇದೆ. ಕೋವಿ ಇದ್ದರೆ ಸಾಲದು, ಪ್ರಾಣಿ ನರಳದೆ ಸಾಯಬೇಕು. ಜರ್ಮನಿಯ ಬೇಟೆ ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟು: ಹಂದಿಗೆ ಚರೆ ಹೊಡೆಯುವಂತಿಲ್ಲ, ಗುಂಡಿನ ವ್ಯಾಸ ಕನಿಷ್ಠ 6.5 ಮಿ.ಮೀ., 100 ಮೀಟರ್ ದೂರದಲ್ಲೂ ಅದಕ್ಕೆ 2,000 ಜೂಲ್ ಶಕ್ತಿ ಇರಬೇಕು; ಮರಿ ಸಾಕುವ ತಾಯಿಯನ್ನು ಕೊಲ್ಲಬಾರದು. ಇದರ ತಿರುಳು ಸರಳ. ಹತ್ತಿರದಿಂದ, ಮುಂಗಾಲಿನ ಹಿಂದೆ ಹೃದಯ-ಶ್ವಾಸಕೋಶದ ಜಾಗಕ್ಕೆ ಒಂದೇ ಗುಂಡು. ಗುಂಡಿನ ಹಿಂದೆ ಮಣ್ಣಿನ ದಿಬ್ಬ, ಮನೆಯಲ್ಲ. ಗಾಯಗೊಂಡದ್ದನ್ನು ಹುಡುಕಿ ಮುಗಿಸುವ ಹೊಣೆ. ಗಾಯಗೊಂಡ ಹಂದಿ ಮನುಷ್ಯನ ಮೇಲೆರಗುವುದರಿಂದ ಈ ದಯೆಯಲ್ಲಿ ಸ್ವಂತ ರಕ್ಷಣೆಯೂ ಇದೆ. ಇನ್ನು 11ನೇ ವಿಧಿಯಡಿ ಕೊಂದ ಹಂದಿ ಸರಕಾರದ ಸೊತ್ತು, ಅಡುಗೆಮನೆಯದ್ದಲ್ಲ ಎಂಬುದನ್ನೂ ಮರೆಯಬಾರದು.

ಹಾಗೆಂದು ಕೋವಿಯೊಂದರಿಂದಲೇ ಲೆಕ್ಕ ಸರಿಹೋಗದು. ಹಂದಿಯ ಗರ್ಭದ ಅವಧಿ ನಾಲ್ಕು ತಿಂಗಳೂ ಇಲ್ಲ. ಒಂದು ಹೆರಿಗೆಗೆ ನಾಲ್ಕಾರು ಮರಿ. ವರ್ಷಕ್ಕೆ ಒಂದೆರಡನ್ನು ಹೊಡೆದರೆ ಖರ್ಚಿನ ಕಡೆಗಿಂತ ಜಮೆಯ ಕಡೆಯೇ ಬೆಳೆಯುತ್ತದೆ. ಹಗಲು ಅಡಗಲು ಪೊದೆ, ರಾತ್ರಿ ಮೇಯಲು ಗದ್ದೆ ಪಕ್ಕದಲ್ಲೇ ಇದ್ದರೆ ಹಂದಿಗೆ ಕಾಡೇ ಬೇಡ.

ಈ ಪೊದೆ ಯಾರದ್ದು? ಕಹಿಯಾದರೂ ಹೇಳಬೇಕಾದ ಮಾತು: ಹಡಿಲು ಬಿದ್ದ ಗದ್ದೆಗಳಲ್ಲಿ ಎಷ್ಟೋ ಮುಂಬಯಿ, ಪುಣೆಯಲ್ಲಿರುವ ನಮ್ಮವರ ಹೆಸರಿನಲ್ಲಿವೆ. ಪಹಣಿಯಲ್ಲಿ ಹೆಸರು ಇಲ್ಲಿಯವರದ್ದು, ಹಂದಿಯ ಕಾಟ ಅಲ್ಲಿ ಉಳಿದ ನೆರೆಮನೆಯವರದ್ದು. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆದಾಗ ಇದು ಸಾಧ್ಯವೆಂದು ತೋರಿತು.

ಸಂಘ-ಸಂಸ್ಥೆಗಳು ಊರಿನ ದೇವಸ್ಥಾನಕ್ಕೆ, ಶಾಲೆಗೆ ಕೈಜೋಡಿಸುತ್ತಲೇ ಬಂದಿವೆ. ಸದಸ್ಯರು ತಂತಮ್ಮ ಗದ್ದೆಯ ಪೊದೆ ಕಡಿಸಿ, ಉಳುವವರಿಗೆ ಬಿಟ್ಟುಕೊಟ್ಟು, ನೆರೆಹೊರೆಯವರೊಡನೆ ಸೋಲಾರ್ ಬೇಲಿಯ ಖರ್ಚು ಹಂಚಿಕೊಂಡರೆ ಕೋವಿಯ ಕೆಲಸ ಅರ್ಧ ಕಡಿಮೆಯಾದೀತು. ಗೇಣಿಗೆ ಕೊಟ್ಟ ಜಾಗದಲ್ಲಿ ವಿದ್ಯುತ್ ತಂತಿ, ಉರುಳು ಇಲ್ಲವೆಂಬುದನ್ನು ಖಾತ್ರಿಪಡಿಸಿಕೊಳ್ಳುವುದೂ ಅವರದ್ದೇ ಜವಾಬ್ದಾರಿ. ಮುಂದಿನ ಬಾರಿ ಊರಿಗೆ ಹೋದಾಗ ಗದ್ದೆಯ ಅಂಚಿನವರೆಗೆ ಒಮ್ಮೆ ನಡೆದು ನೋಡಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.