ಸುಮ್ಮನೆ ಕೂತಿರಿ ಎನ್ನುವ ಮನೆ

ಮೊಣಕಾಲು ಸವೆದವರು, ಲಕ್ವ ಹೊಡೆದು ಒಂದು ಮಗ್ಗುಲು ಸ್ವಾಧೀನ ತಪ್ಪಿದವರು ಇರುವ ಮನೆಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದಿದೆ: 'ಸುಮ್ಮನೆ ಕೂತಿರಮ್ಮ, ಏನು ಬೇಕೋ ನಾವೇ ತಂದುಕೊಡ್ತೀವಿ.' ಪ್ರೀತಿಯ ಮಾತೇ. ಆದರೆ ಬೀಳಬಾರದೆಂದರೆ ನಡೆಯಲೇಬಾರದು ಎಂಬ ತರ್ಕ ಅದರೊಳಗಿದೆ, ಅದು ನಿಲ್ಲುವಂಥದಲ್ಲ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ಸಮತೋಲ ತಪ್ಪುತ್ತದೆ. ನಡುರಾತ್ರಿ ಯಾರನ್ನೂ ಎಬ್ಬಿಸಲು ಮನಸ್ಸಾಗದೆ ಎದ್ದು ಹೊರಟಾಗ ಆ ಸೊರಗಿದ ಕಾಲೇ ಕೈಕೊಡುತ್ತದೆ. ಓಡಾಟ ನಿಲ್ಲಿಸುವ ಬದಲು ಮನೆಯನ್ನು ತಿದ್ದುವುದೇ ಸರಿಯಾದ ದಾರಿ.

ಬಚ್ಚಲುಮನೆಯನ್ನೇ ನೋಡಿ. ನೀರು ಹೊರಗೆ ಬಾರದಿರಲೆಂದು ಬಾಗಿಲಲ್ಲೊಂದು ಗಿಡ್ಡ ಕಟ್ಟೆ. ದಾಟಿದರೆ ಸೋಪಿನ ನೀರು ನಿಂತ ನುಣುಪು ಟೈಲ್ಸ್. ಜಾರಿದಾಗ ಕೈಗೆ ಸಿಗುವುದು ಟವೆಲ್ ಹಾಕುವ ತೆಳು ಸರಳು. ಒದ್ದೆ ಬಟ್ಟೆಯ ಭಾರಕ್ಕೆಂದು ಬಿಗಿದ ಸ್ಕ್ರೂ ಮನುಷ್ಯರ ಭಾರಕ್ಕೆ ಕಿತ್ತುಬರುತ್ತದೆ. ಆಸರೆಯ ಕಂಬಿ ಮುಷ್ಟಿ ತುಂಬುವಂತೆ ಸುಮಾರು ಒಂದೂವರೆ ಇಂಚು ದಪ್ಪವಿರಬೇಕು. ಅದರ ಬೋಲ್ಟು ಟೈಲ್ಸ್ ದಾಟಿ ಗೋಡೆಯೊಳಕ್ಕೆ ಇಳಿದಿರಬೇಕು. ಇನ್ನು, ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದವರನ್ನು ಎತ್ತಲು ಹೊರಗಿನವರಿಗೆ ಒಳಗೆ ಹೋಗುವುದಕ್ಕೇ ಆಗದು. ಬಾಗಿಲು ಹೊರಕ್ಕೆ ತೆರೆದು, ಚಿಲಕ ಹೊರಗಿನಿಂದಲೂ ತೆಗೆಯುವಂತಿದ್ದರೆ ಒಳಗಿನವರ ಮಾನ, ಜೀವ ಎರಡೂ ಉಳಿಯುತ್ತವೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳ ಸುಗಮ ಪ್ರವೇಶದ ಬಗ್ಗೆ ಮಾತಾಡುತ್ತದೆ. ನಮ್ಮ ನಮ್ಮ ಮನೆಯ ಬಚ್ಚಲಿಗೆ ನಾವೇ ಜವಾಬ್ದಾರರು. ಹಾಗೆಂದು ಎಲ್ಲವೂ ಎಲ್ಲರ ಕೈಯಳತೆಯಲ್ಲಿಲ್ಲ. ಇಳಿಜಾರಿಗೆ 1:12 ಲೆಕ್ಕ, ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು. 30×40 ಸೈಟಿನಲ್ಲಿ ಅಷ್ಟು ಜಾಗ ಎಲ್ಲಿ? ಬಾಡಿಗೆ ಮನೆಯ ಗೋಡೆಗೆ ಡ್ರಿಲ್ ಹಾಕಲು ಮಾಲೀಕರು ಬಿಡಬೇಕಲ್ಲ? ಆದರೂ ಜಾರುವ ಕಾಲೊರಸು ತೆಗೆಯುವುದಕ್ಕೆ, ಹಾಸಿಗೆಯಿಂದ ಬಚ್ಚಲಿನ ತನಕ ರಾತ್ರಿ ದೀಪ ಉರಿಸುವುದಕ್ಕೆ, ಕೂತಾಗ ಪಾದ ನೆಲಕ್ಕೆ ಊರುವಷ್ಟು ಮಂಚದ ಎತ್ತರ ಸರಿಪಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಖರ್ಚಿಗಿಂತ ಹೆಚ್ಚಾಗಿ ನಾವು ತಪ್ಪುವುದು ಕೇಳುವುದರಲ್ಲಿ. ಮಗ, ಮೇಸ್ತ್ರಿ ಸೇರಿ ಕಂಬಿಯ ಜಾಗ ಗೊತ್ತುಮಾಡುತ್ತಾರೆ. ಬಲಗೈ ಬಿದ್ದುಹೋದವರಿಗೆ ಬಲಕ್ಕೆ ಕೂರಿಸಿದ ಕಂಬಿಯಿಂದ ಏನು ಬಂತು? ಮೆಟ್ಟಿಲು ಹತ್ತುವಾಗ ಎಡಕ್ಕಿದ್ದ ಕಂಬಿ ಇಳಿಯುವಾಗ ಬಲಕ್ಕಾಗುತ್ತದೆ. ಆದ್ದರಿಂದಲೇ ಅಲ್ಲಿ ಎರಡೂ ಕಡೆ ಬೇಕು. ದಿನವೂ ಆನಿಕೊಂಡು ನಡೆಯುವವರ ಅಂಗೈ ಕಲೆ ಗೋಡೆಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಕಪ್ಪಗೆ ಕೂತಿರುತ್ತದೆ. ಸುಣ್ಣ ಬಳಿಯುವ ಮೊದಲು ಅದನ್ನು ನೋಡಿದರೆ ಕಂಬಿ ಎಲ್ಲಿರಬೇಕೆಂದು ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಬೀಳುವ ಸಾಧ್ಯತೆ ಪೂರ್ತಿ ಹೋಗದು. ಉಳಿದ ಅಪಾಯದಲ್ಲಿ ಎಷ್ಟನ್ನು ಒಪ್ಪಿಕೊಳ್ಳಬೇಕು ಎನ್ನುವುದನ್ನು ನಡೆಯುವವರೇ ತೀರ್ಮಾನಿಸಲಿ. ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ತಮ್ಮಷ್ಟಕ್ಕೆ ತಾವು ಹಿಂದಿರುಗಲು ಆದರೆ ಆ ಮನೆ ಸುರಕ್ಷಿತ. ಬೀಳಲಿಲ್ಲ ಎಂಬುದಷ್ಟೇ ಲೆಕ್ಕವಾದರೆ, ಹಾಸಿಗೆ ಹಿಡಿದವರಷ್ಟು ಸುರಕ್ಷಿತರು ಬೇರೆ ಯಾರೂ ಇಲ್ಲ.