ಮೊದಲು ಕೃಪೆ, ಆಮೇಲೆ ಆಜ್ಞೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಯಾದಗಿರಿ, ಶಹಾಪುರ, ಸುರಪುರಗಳ ಎಷ್ಟೋ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: 'ಫೇಲಾದರೆ ಮನೆಗೆ ಬರಬೇಡ.' ಹೇಳುವ ತಂದೆಗೆ ಅದು ಬರೀ ಬೆದರಿಕೆ. ಕೇಳುವ ಮಗನಿಗೆ ಹಾಗಲ್ಲ. ಈ ಮನೆಯಲ್ಲಿ ತನಗೆ ಜಾಗ ಉಂಟೋ ಇಲ್ಲವೋ ಎಂಬುದನ್ನು ಅಂಕಪಟ್ಟಿಯೇ ತೀರ್ಮಾನಿಸುತ್ತದೆ ಎಂದು ಅವನು ನಂಬಿಬಿಡುತ್ತಾನೆ.

ದೇವರ ಮುಂದೆಯೂ ಮನುಷ್ಯನದು ಇದೇ ಭಯ. ಕನ್ನಡ ಬೈಬಲಿನಲ್ಲಿ ಎರಡು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ: ಧರ್ಮಶಾಸ್ತ್ರ ಮತ್ತು ಕೃಪೆ. ಆಜ್ಞೆ ಪಾಲಿಸಿದವನನ್ನು ದೇವರು ತನ್ನವನೆನ್ನುತ್ತಾನೋ, ತನ್ನವನೆಂದ ಮೇಲೆ ಆಜ್ಞೆ ಕೊಡುತ್ತಾನೋ? ಉತ್ತರ ವಿಮೋಚನಕಾಂಡದ ಕಥೆಯ ಕ್ರಮದಲ್ಲೇ ಇದೆ. ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಪಾರಾದದ್ದು ಮೊದಲು. ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳು ದೊರೆತದ್ದು ಆಮೇಲೆ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಧರ್ಮಶಾಸ್ತ್ರವನ್ನು ಹೋಲಿಸಿದ್ದು ಆ ಕಾಲದ ಉಳ್ಳವರ ಮನೆಯ ಒಬ್ಬ ಆಳಿಗೆ. ಹುಡುಗನನ್ನು ಪಾಠಕ್ಕೆ ಕರೆದೊಯ್ಯುವುದು, ದಾರಿ ತಪ್ಪಿದರೆ ಗದರಿಸುವುದು ಅವನ ಕೆಲಸ. ಅವನು ಬೇಕಾದವನೇ, ಆದರೆ ತಂದೆಯಲ್ಲ.

ಹಾಗಾದರೆ ಕೃಪೆಯಿದೆಯೆಂದು ಹೇಗೆ ಬೇಕಾದರೂ ಬದುಕಬಹುದೇ? ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನೇ ಈ ಪ್ರಶ್ನೆ ಎತ್ತಿ, ಕೂಡದು ಎನ್ನುತ್ತಾನೆ. ಯಾದಗಿರಿಯಲ್ಲಿ ಮೆಥೋಡಿಸ್ಟ್ ಚರ್ಚ್ ಇದೆ. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಪ್ರಾರ್ಥನೆ, ಉಪವಾಸ, ಓದು ಎಲ್ಲಕ್ಕೂ ಕಟ್ಟುನಿಟ್ಟಿನ ಕ್ರಮ ಇಟ್ಟುಕೊಂಡಿದ್ದ. 'ಮೆಥೋಡಿಸ್ಟ್' ಎಂಬುದು ಅದನ್ನು ಕಂಡು ಇತರರು ಇಟ್ಟ ಅಡ್ಡಹೆಸರು. ಆದರೂ ಅವನಿಗೆ ನೆಮ್ಮದಿ ಇರಲಿಲ್ಲ. 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಕ್ಕೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದುದು ಕಿವಿಗೆ ಬಿದ್ದಾಗ, ಕೃಪೆ ತನಗೂ ದೊರೆತಿದೆ ಎಂಬ ಭರವಸೆ ಅವನಲ್ಲಿ ಮೂಡಿತು. ಆ ಮೇಲೆ ಅವನು ನಿಯಮಗಳನ್ನು ಬಿಟ್ಟನೇ? ಇಲ್ಲ. 1743ರಲ್ಲಿ ತನ್ನ ಅನುಯಾಯಿಗಳಿಗೆಂದು ನಿಯಮಾವಳಿಯನ್ನೇ ಪ್ರಕಟಿಸಿದ. ಭಯದಿಂದ ಮಾಡುತ್ತಿದ್ದುದನ್ನು ಈಗ ಕೃತಜ್ಞತೆಯಿಂದ ಮಾಡಬಹುದಿತ್ತು.

ಸುರಪುರ, ಶಹಾಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಗೆ ಕೃಷ್ಣೆಯ ನೀರು ಬರುವುದು ಹೊಲದ ಬದುವಿನಿಂದಲ್ಲ. ಆದರೆ ಬಂದ ನೀರು ಪೈರಿಗೆ ದಕ್ಕಬೇಕಾದರೆ ಬದು ಬೇಕು.

ಮನೆಯಲ್ಲೂ ಹಾಗೆಯೇ. ನಸುಕಿನಲ್ಲಿ ಏಳುವುದು, ಮೊಬೈಲು ಬದಿಗಿಡುವುದು, ದಿನದ ಪಾಠ ಅಂದೇ ಓದುವುದು, ಈ ನಿಯಮಗಳೆಲ್ಲ ಇರಲಿ. ತಪ್ಪಿದಾಗ ಗದರಿಕೆಯೂ ಇರಲಿ. ಆದರೆ ಅಂಕ ಎಷ್ಟೇ ಬರಲಿ, ಊಟಕ್ಕೆ ಮನೆಗೇ ಬರಬೇಕೆಂಬ ಮಾತನ್ನು ಮಗು ಫಲಿತಾಂಶಕ್ಕೆ ಮೊದಲೇ ಕೇಳಿರಬೇಕು. ಫೇಲಾದ ವಿಷಯಕ್ಕೆ ಮರುಪರೀಕ್ಷೆ ಇದೆ. ಮನೆಗೆ ಬರಲು ಹೆದರಿ ದೂರ ಹೋದ ಮಗುವನ್ನು ಮರಳಿ ತರುವ ಪರೀಕ್ಷೆ ಯಾವ ಮಂಡಳಿಯಲ್ಲೂ ಇಲ್ಲ.