ಗೋಸುಂಬೆಯ ಮರಿಗಳಿಗೆ ಮನೆ ಎಲ್ಲಿ? ಗಿರಾವೀನ್‌ನಿಂದ ಒಂದು ನೋಟ

2023ರ ಆಗಸ್ಟ್ 21ರ ರಾತ್ರಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯನ್ನು ತೆರೆಸಿದಾಗ ಕಸ್ಟಮ್ಸ್ ಅಧಿಕಾರಿಗಳಿಗೆ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಆಮೆ, ಇಗ್ವಾನಾ, ಅಲಿಗೇಟರ್ ಮರಿಗಳ ನಡುವೆ ಗೋಸುಂಬೆಗಳೂ ಇದ್ದವು. ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೊಂದಿತ್ತು. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡಿಗರು ಆ ವಾರ್ತೆಯನ್ನು ಓದಿದ್ದು ಬಹುಮಟ್ಟಿಗೆ ಆ ಕಾಂಗರೂವಿನ ಕಾರಣಕ್ಕೆ. ಆದರೆ ಅದೇ ಪೆಟ್ಟಿಗೆಯ ಗೋಸುಂಬೆಗಳೂ ನಮಗೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಎತ್ತುತ್ತವೆ.

ಸಿಡ್ನಿಯ ಪಶ್ಚಿಮಕ್ಕಿರುವ ನಮ್ಮ ಗಿರಾವೀನ್‌ನಲ್ಲಿ ಪರಿಚಿತರ ಮಗನೊಬ್ಬ ಆ ಪ್ರಶ್ನೆಯನ್ನು ನೇರವಾಗಿಯೇ ಕೇಳಿದ. ಕ್ಯಾಲಿಫೋರ್ನಿಯಾದಲ್ಲಿರುವ ಅವನ ದೊಡ್ಡಮ್ಮನ ಮಗ ಪ್ಯಾಂಥರ್ ಗೋಸುಂಬೆಗಳನ್ನು ಸಾಕಿ, ಮೊಟ್ಟೆಯಿಡಿಸಿ, ಮರಿಗಳನ್ನು ಹಂಚುತ್ತಾನೆ. "ಅವನಿಗೆ ಆಗೋದು ನಮಗೆ ಯಾಕೆ ಆಗಲ್ಲ, ಅಂಕಲ್?" ಕಾನೂನು ಬಿಡುವುದಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಕಾನೂನು ಏಕೆ ಹಾಗಿದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ಪ್ರಾಣಿಯ ಸಂತಾನದ ಲೆಕ್ಕವನ್ನು ನೋಡಬೇಕು.

ಪ್ಯಾಂಥರ್ ಗೋಸುಂಬೆ ಮಡಗಾಸ್ಕರಿನ ಉತ್ತರ ಮತ್ತು ಪೂರ್ವ ಕರಾವಳಿಯ ಜೀವಿ. ಅಂಬಿಲೋಬೆ, ಅಂಬಾಂಜ, ನೋಸಿ ಬೆ ಮುಂತಾದ ಒಂದೊಂದು ಊರಿನ ಗಂಡಿಗೆ ಒಂದೊಂದು ಬಣ್ಣ. ಚರ್ಮದೊಳಗಿನ ಅತಿಸೂಕ್ಷ್ಮ ಗ್ವಾನಿನ್ ಹರಳುಗಳ ನಡುವಿನ ಅಂತರವನ್ನು ಬದಲಿಸುವ ಮೂಲಕ ಅದು ಬಣ್ಣ ಬದಲಿಸುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಮಾತು ಬದಲಿಸುವ ರಾಜಕಾರಣಿಯನ್ನು ಗೋಸುಂಬೆ ಎಂದು ಜರೆಯುವ ನಾವು ಈ ವಿಷಯದಲ್ಲಿ ಆ ಪ್ರಾಣಿಗೆ ಅನ್ಯಾಯವನ್ನೇ ಮಾಡಿದ್ದೇವೆ. ಅದರ ಬಣ್ಣ ಬಹುಪಾಲು ನಿಜವನ್ನೇ ನುಡಿಯುತ್ತದೆ. ಕೂಡಲು ಒಪ್ಪುವ ಹೆಣ್ಣು ತಿಳಿ ಗುಲಾಬಿ ಅಥವಾ ಕಿತ್ತಳೆ ಬಣ್ಣದಲ್ಲಿರುತ್ತದೆ. ಗರ್ಭ ಧರಿಸಿದ ಹೆಣ್ಣು ಕಪ್ಪುಗಟ್ಟಿ, ಹತ್ತಿರ ಬಂದ ಗಂಡಿಗೆ ಬಾಯ್ತೆರೆದು ಬೆದರಿಕೆ ಹಾಕುತ್ತದೆ.

ಆ ಹೆಣ್ಣು ತೇವದ ಮರಳಿನಲ್ಲಿ ಬಿಲ ತೋಡಿ ಒಮ್ಮೆಗೆ ಇಪ್ಪತ್ತರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆಯಲು ಆರು ತಿಂಗಳಿಂದ ಒಂದು ವರ್ಷದವರೆಗೂ ಹಿಡಿಯಬಹುದು. ಗಂಡಿನ ವೀರ್ಯವನ್ನು ಒಡಲಲ್ಲೇ ಕಾಪಿಟ್ಟುಕೊಳ್ಳಬಲ್ಲ ಹೆಣ್ಣು, ಮತ್ತೆ ಕೂಡದೆಯೇ ಇನ್ನೊಂದು ಸೂಲನ್ನೂ ಇಡಬಲ್ಲದು. ಹೀಗಾಗಿ ಮೊದಲ ಮೊಟ್ಟೆಗಳು ಒಡೆಯುವ ಮುನ್ನವೇ ಎರಡನೆಯವು, ಮೂರನೆಯವು ಪೆಟ್ಟಿಗೆಯಲ್ಲಿ ಕಾಯುತ್ತಿರುತ್ತವೆ. ಹೊರಬಂದ ಮರಿಗೆ ರೆಕ್ಕೆಯಿಲ್ಲದ ಹಣ್ಣುನೊಣ, ಸಾಸಿವೆಯಷ್ಟು ಚಿಕ್ಕ ಜೀರುಂಡೆಗಳು ಆಹಾರ. ಬಟ್ಟಲಿನ ನೀರನ್ನು ಅದು ಗುರುತಿಸುವುದಿಲ್ಲ, ಎಲೆಯ ಮೇಲಿನ ಹನಿಯನ್ನೇ ಕುಡಿಯಬೇಕು. ಎರಡು ಮೂರು ತಿಂಗಳಾಗುತ್ತಿದ್ದಂತೆ ಒಡಹುಟ್ಟಿದವುಗಳೇ ಪರಸ್ಪರ ಕಚ್ಚತೊಡಗುವುದರಿಂದ ಪ್ರತಿಯೊಂದಕ್ಕೂ ಬೇರೆ ಗೂಡು, ಬೇರೆ ದೀಪ. ಇಪ್ಪತ್ತು ಮರಿಗಳೆಂದರೆ ಇಪ್ಪತ್ತು ಗೂಡುಗಳು.

ಕೊಳ್ಳುವವರು ಬಯಸುವುದು ಬಣ್ಣದ ಗಂಡನ್ನು. ಹೆಣ್ಣುಗಳು ಯಾವ ಊರಿನವಾದರೂ ಮಾಸಲು ಬಣ್ಣದವೇ. ನೋಡಿ ತಳಿ ಹೇಳಲಾಗದು, ಮಾರುವವನ ಮಾತನ್ನು ನಂಬಬೇಕು. ಅವುಗಳ ಆಯುಸ್ಸೂ ಗಂಡಿಗಿಂತ ಕಡಿಮೆ. ಆದ್ದರಿಂದ ಹುಟ್ಟಿದವುಗಳಲ್ಲಿ ಅರ್ಧಕ್ಕೆ ಗಿರಾಕಿಗಳು ವಿರಳ. ಅಮೆರಿಕ, ಯುರೋಪುಗಳಲ್ಲಿ ಈ ಹವ್ಯಾಸದ ನಿಜವಾದ ಕಷ್ಟ ಮೊಟ್ಟೆಯೊಡೆಸುವುದಲ್ಲ, ಅದನ್ನು ಇಂದು ಅನೇಕರು ಕಲಿತಿದ್ದಾರೆ. ಕಷ್ಟವಿರುವುದು ಆಮೇಲೆ.

ಮನೆ ಸಿಗದ ಪ್ರಾಣಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಹವಾಯಿ ಸಾಕ್ಷಿ. 1972ರಲ್ಲಿ ಒವಾಹು ದ್ವೀಪದ ಸಾಕುಪ್ರಾಣಿ ವ್ಯಾಪಾರಿಯೊಬ್ಬ ಕೀನ್ಯಾದಿಂದ ತರಿಸಿದ ಜ್ಯಾಕ್ಸನ್ ಗೋಸುಂಬೆಗಳು ಬಳಲಿ ಬಂದಿದ್ದವು. ಸುಧಾರಿಸಿಕೊಳ್ಳಲೆಂದು ಅವನ್ನು ಹಿತ್ತಲಿಗೆ ಬಿಟ್ಟ. ಅವು ಹಿತ್ತಲಲ್ಲಿ ನಿಲ್ಲಲಿಲ್ಲ. ಇಂದು ಆ ದ್ವೀಪಗಳ ಅಪರೂಪದ ಮರಬಸವನಹುಳುಗಳನ್ನು ತಿನ್ನುವವರಲ್ಲಿ ಅವುಗಳ ಸಂತತಿಯೂ ಸೇರಿದೆ. ಫ್ಲಾರಿಡಾದಲ್ಲಿ ಪ್ಯಾಂಥರ್ ಗೋಸುಂಬೆಗಳೇ ಕಾಡುಬಿದ್ದು ಬದುಕುತ್ತಿವೆ. ಆಸ್ಟ್ರೇಲಿಯಾಕ್ಕೆ ತನ್ನದೇ ಆದ ಗೋಸುಂಬೆ ಒಂದೂ ಇಲ್ಲ; ಇಲ್ಲಿನ ಕೀಟಗಳೂ ಪುಟ್ಟ ಹಲ್ಲಿಗಳೂ ಅಂಥ ಬೇಟೆಗಾರನನ್ನು ಕಂಡಿಲ್ಲ. ಸಾಕಿ ಬಿಟ್ಟ ಕೆಂಪುಕಿವಿಯ ಆಮೆಗಳು ಸಿಡ್ನಿಯ ಜಲಾಶಯಗಳಲ್ಲಿ ಕಾಣಿಸಿಕೊಂಡ ಅನುಭವ ಈ ದೇಶಕ್ಕೆ ಈಗಾಗಲೇ ಇದೆ.

ಆದ್ದರಿಂದಲೇ 1999ರ ಪರಿಸರ ಮತ್ತು ಜೀವವೈವಿಧ್ಯ ಸಂರಕ್ಷಣಾ ಕಾಯ್ದೆಯಡಿ ಹೊರದೇಶದ ಸರೀಸೃಪಗಳನ್ನು ಸಾಕುಪ್ರಾಣಿಗಳಾಗಿ ತರುವಂತಿಲ್ಲ. ಉಲ್ಲಂಘಿಸಿದವರಿಗೆ 10 ವರ್ಷಗಳವರೆಗೆ ಸೆರೆಯಾಗಬಹುದು. ನ್ಯೂ ಸೌತ್ ವೇಲ್ಸ್‌ನಲ್ಲಾಗಲಿ ವಿಕ್ಟೋರಿಯಾದಲ್ಲಾಗಲಿ ಮನೆಯಲ್ಲಿ ಗೋಸುಂಬೆ ಸಾಕಲು ಸಾಮಾನ್ಯ ನಾಗರಿಕನಿಗೆ ದಾರಿಯಿಲ್ಲ. ಇದು ಅತಿಯಾಯಿತೆಂಬ ದೂರು ಹವ್ಯಾಸಿಗಳದ್ದು. ದ್ವೀಪಖಂಡವೊಂದರ ಮಟ್ಟಿಗೆ ಇದು ಸರಿಯಾದ ನಿಯಮ ಎಂಬುದು ಈ ಲೇಖಕನ ಅಭಿಪ್ರಾಯ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ಆಸ್ಟ್ರೇಲಿಯಾಕ್ಕೆ ಅಷ್ಟು ಸುಖಕರವಲ್ಲ. ಜಗತ್ತಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಅತ್ಯಂತ ಸಾಮಾನ್ಯವಾದ ಹಲ್ಲಿಗಳಲ್ಲೊಂದು ಆಸ್ಟ್ರೇಲಿಯಾದ ಒಳನಾಡಿನ ಗಡ್ಡದ ಓತಿ, ಅಂದರೆ ಬಿಯರ್ಡೆಡ್ ಡ್ರ್ಯಾಗನ್. ಸ್ಥಳೀಯ ವನ್ಯಜೀವಿಗಳ ವಾಣಿಜ್ಯ ರಫ್ತಿಗೆ ಈ ದೇಶ ದಶಕಗಳ ಹಿಂದೆಯೇ ತಡೆಯೊಡ್ಡಿದೆ. ಹಾಗಿದ್ದೂ ಪರದೇಶಗಳಲ್ಲಿ ಅವು ಲೆಕ್ಕವಿಲ್ಲದಷ್ಟಿವೆ ಎಂದರೆ, ಅವುಗಳ ಮೂಲಪುರುಷರು ಕಳ್ಳದಾರಿಯಲ್ಲೇ ಹೋದರೆಂದು ತಿಳಿಯಬೇಕಾಗುತ್ತದೆ. ಕಳ್ಳಸಾಗಣೆ ನಿಂತಿಲ್ಲ. ಹಾಂಗ್‌ಕಾಂಗಿಗೆ ಹೊರಟಿದ್ದ ಪೊಟ್ಟಣಗಳಲ್ಲಿ ಜೀವಂತ ಹಲ್ಲಿಗಳು ಸಿಕ್ಕ ಮೇಲೆ ನ್ಯೂ ಸೌತ್ ವೇಲ್ಸ್ ಪೊಲೀಸರು 2023ರಲ್ಲಿ ವಿಶೇಷ ತಂಡ ರಚಿಸಿದರು. 2024ರ ಜನವರಿಯಲ್ಲಿ ಆ ತಂಡ 257 ಹಲ್ಲಿಗಳನ್ನೂ 3 ಹಾವುಗಳನ್ನೂ ವಶಪಡಿಸಿಕೊಂಡಿತು. 2022ರಲ್ಲಿ ಆಸ್ಟ್ರೇಲಿಯಾ ತನ್ನ ನೂರಕ್ಕೂ ಹೆಚ್ಚು ಸರೀಸೃಪಗಳನ್ನು ಸೈಟಿಸ್ ಒಪ್ಪಂದದ ಮೂರನೆಯ ಅನುಬಂಧಕ್ಕೆ ಸೇರಿಸಿದ್ದೂ ಇದೇ ಕಾರಣಕ್ಕೆ: ಬೇರೆ ದೇಶದಲ್ಲಿ ಮಾರಾಟಕ್ಕಿಟ್ಟ ಪ್ರಾಣಿಯ ಮೂಲದ ಕಾಗದ ಎಲ್ಲಿ ಎಂದು ಕೇಳುವ ಅಧಿಕಾರ ಅದರಿಂದ ದೊರೆಯುತ್ತದೆ.

ಭಾರತದ ಸ್ಥಿತಿ ಇನ್ನೂ ಗೊಂದಲದ್ದು. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಸ್ವದೇಶಿ ಗೋಸುಂಬೆ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ; ಅದನ್ನು ಹಿಡಿದು ಸಾಕುವುದು ಅಪರಾಧ. ವಿದೇಶಿ ಗೋಸುಂಬೆಗೆ ಮಾತ್ರ ಬಹುಕಾಲ ದೇಶದೊಳಗೆ ಯಾವ ಕಾನೂನೂ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿಸಿದರೆ ಗೆದ್ದಂತೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆರು ತಿಂಗಳ ಗಡುವು ಕೊಟ್ಟು, ವಿದೇಶಿ ಪ್ರಾಣಿಗಳಿದ್ದವರು ಸ್ವಯಂ ಘೋಷಿಸಿಕೊಂಡರೆ ಮೂಲದ ದಾಖಲೆ ಕೇಳುವುದಿಲ್ಲವೆಂದಿತು. ಲೆಕ್ಕವೇ ಇಲ್ಲದ ಕಡೆ ಲೆಕ್ಕ ಆರಂಭವಾಯಿತೆಂಬುದು ಅದರ ಗುಣ. ಕದ್ದು ತಂದದ್ದೂ ಸಕ್ರಮವಾಯಿತೆಂಬುದು ದೋಷ. 2022ರ ತಿದ್ದುಪಡಿ ಮತ್ತು 2024ರ ಫೆಬ್ರವರಿಯ ನೋಂದಣಿ ನಿಯಮಗಳು ಈ ಸಡಿಲವನ್ನು ಬಿಗಿದಿವೆ. ಸೈಟಿಸ್ ಪಟ್ಟಿಯ ಪ್ರಾಣಿ ಮನೆಯಲ್ಲಿದ್ದರೆ ನೋಂದಾಯಿಸಬೇಕು. ಅದರ ಮರಿ ಹುಟ್ಟಿದ್ದನ್ನೂ ಸತ್ತದ್ದನ್ನೂ ಇನ್ನೊಬ್ಬರಿಗೆ ಕೊಟ್ಟದ್ದನ್ನೂ ತಿಳಿಸಬೇಕು. ಪ್ಯಾಂಥರ್ ಗೋಸುಂಬೆ ಆ ಪಟ್ಟಿಯಲ್ಲಿದೆ. ಊರಿನಲ್ಲಿ ತಮ್ಮನೋ ಭಾವಮೈದುನನೋ ಇಂಥದ್ದನ್ನು ಕೊಳ್ಳಹೊರಟಿದ್ದರೆ ಹೊರನಾಡಿನ ನಾವು ಕೇಳಬೇಕಾದ ಮಾತು ಬೆಲೆಯಲ್ಲ, ನೋಂದಣಿ ಪತ್ರ.

ಇನ್ನು ನಮ್ಮ ಗಿರಾವೀನ್‌ನ ಹುಡುಗ. ಅವನಿಗೆ ಉಳಿದಿರುವ ದಾರಿ ಇಲ್ಲಿನದೇ ಗಡ್ಡದ ಓತಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಅದಕ್ಕೆ ಮೊದಲು ಪರವಾನಗಿ, ಆಮೇಲೆ ಪ್ರಾಣಿ. ಕಾಡಿನಿಂದ ಹಿಡಿಯುವಂತಿಲ್ಲ, ಪರವಾನಗಿಯುಳ್ಳವರಿಂದಲೇ ಪಡೆಯಬೇಕು. ಮರಿಯಾದರೆ ಅಂಥವರಿಗೇ ಕೊಡಬೇಕು. ಕುಟುಂಬ ನಾಳೆ ಮೆಲ್ಬರ್ನಿಗೆ ಸ್ಥಳಾಂತರಗೊಂಡರೆ ವಿಕ್ಟೋರಿಯಾದ ನಿಯಮಗಳು ಬೇರೆ. ಗಡಿ ದಾಟಿಸುವ ಮುನ್ನ ಎರಡೂ ರಾಜ್ಯಗಳಲ್ಲಿ ವಿಚಾರಿಸಬೇಕು. ಈ ಓತಿಯೂ ಒಂದು ಸೂಲಿಗೆ ಇಪ್ಪತ್ತರ ಆಸುಪಾಸು ಮೊಟ್ಟೆಯಿಡುತ್ತದೆ, ಒಂದೇ ಋತುವಿನಲ್ಲಿ ಹಲವು ಬಾರಿ. ಕ್ಯಾಲಿಫೋರ್ನಿಯಾದ ಅಣ್ಣನ ಇಪ್ಪತ್ತು ಗೂಡುಗಳ ಸಮಸ್ಯೆ ಇಲ್ಲಿಯೂ ತಪ್ಪಿದ್ದಲ್ಲ. ಅದಕ್ಕೇ ಒಂದನ್ನು ಮಾತ್ರ ಸಾಕು, ಜೋಡಿ ಬೇಡ ಎಂದು ನಾನು ಹೇಳಿದೆ. ಅವನಿಗೆ ಅದು ಅಷ್ಟಾಗಿ ರುಚಿಸಿದಂತೆ ಕಾಣಲಿಲ್ಲ.

ಅವನ ತಾಯಿ ಈಗ ಪರವಾನಗಿಯ ಷರತ್ತುಗಳನ್ನು ಓದುತ್ತಿದ್ದಾರೆ. ಅವರ ಚಿಂತೆ ಬೇರೆಯೇ: ಡಿಸೆಂಬರಿನ ರಜೆಗೆ ಎಲ್ಲರೂ ಮೈಸೂರಿಗೆ ಹೊರಟರೆ, ಆರು ವಾರ ಅದಕ್ಕೆ ಜೀರುಂಡೆ ಹಾಕುವವರು ಯಾರು?